ಹಲಗಿ ಕೊಡುವವರು

"ನಿಮ್ಮ ಅಬ್ಬಾಗ ಕೈ ಎಷ್ಟಿದ್ದುವೋ ಮಂಜೂರ?" ಕಿವಿಯಿಂದ ಇಯರ್‌ಫೋನ್ ಕಿತ್ತು ಕೇಳಿದಳು ಸುವರ್ಣಾ. "ಎರಡ ಕೈಲೆ ಇದು ಆಗೂ ಮಾತಲ್ಲ."

ಸಿಂದಗಿಯಲ್ಲಿ ಸಂಗೀತ ಕಲಿಸುವ ಶಿಕ್ಷಕಿ ಅವಳು. ಬೆಳಗಿನ ಬಸ್ಸಿಗೆ ಯಂಕಂಚಿಗೆ ಬಂದು, ಮಂಜೂರನ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪು ಬಿಚ್ಚಿಕೊಂಡು ಕೂತಿದ್ದಳು. ಮಂಜೂರನ ತಂದೆ ಜೈನುದ್ದೀನ ನಾಟಕದ ಯುದ್ಧದ ಸೀನಿಗೆ ಬಾರಿಸುತ್ತಿದ್ದುದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು. ಅದನ್ನು ಕೇಳಿ ಕೇಳಿ ಸ್ವರಲಿಪಿಯ ಸಾಫ್ಟ್‌ವೇರಿಗೆ ಇಳಿಸುವುದು ಅವಳ ಕೆಲಸ. ಮೊದಲು ಸೊಂಟಕ್ಕೆ ಕಟ್ಟಿ ಎರಡು ಕಡ್ಡಿಯಲ್ಲಿ ಬಾರಿಸುವ ತಾಶಾ, ಅದರ ಬೆನ್ನಿಗೇ ಎಡಗೈಯಲ್ಲಿ ಎತ್ತಿ ಹಿಡಿದು ಬಡಿಯುವ ಹಲಗಿ, ಮತ್ತೆ ತಾಶಾ. ಎಲ್ಲ ಒಬ್ಬನೇ. ಆ ಜೈನುದ್ದೀನ ಈಗ ಲಕ್ವಾ ಹೊಡೆದು, ಎಡಗೈಯೂ ಮಾತೂ ಹೋಗಿ, ಮೂಲೆಯ ಮಂಚದಲ್ಲಿ ಮಲಗಿದ್ದಾನೆ. ನಾಳೆ ಮಗ ಇದನ್ನು ಬಾರಿಸಿ ತೋರಿಸದಿದ್ದರೆ ಆ ಜಾಗಕ್ಕೆ ಕರೆಂಟಿನ ರಿದಂ ಪ್ಯಾಡ್ ತರುತ್ತೇನೆಂದು ನಾಟಕ ಕಂಪನಿಯ ಮಾಲೀಕ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ.

ಬಾರಿಸುವವನೊಬ್ಬನಿಗೆ ಸಾಫ್ಟ್‌ವೇರಿನಲ್ಲಿ ಒಂದು ಸಾಲು. ಸಾಲಿನ ಮೇಲೆ 'ಹಲಗಿ' ಎಂದು ಬರೆದರಾಯಿತು, ಅದು ತಾಶಾ ಬಿಟ್ಟು ಹಲಗಿಯ ಸದ್ದು ಹೊರಡಿಸುತ್ತದೆ. ಅದಕ್ಕೇನು, ಕೈಯೇ ಕಾಲೇ! ಮನುಷ್ಯನಿಗೆ ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳಲು ಹೊತ್ತು ಬೇಕು. ಅಷ್ಟು ಜಾಗ ಖಾಲಿ ಬಿಟ್ಟು ಬರೆಯುವುದು ಕ್ರಮ. ಜೈನುದ್ದೀನನ ಬಡಿತದಲ್ಲಿ ಆ ಖಾಲಿ ಜಾಗವೇ ಇರಲಿಲ್ಲ.

"ನಡುವ ಉಸಿರು ಬಿಡಾಕೂ ಜಾಗಾ ಇಲ್ಲ. ಮತ್ತ ಹಲಗಿ ಬೆಂಕಿಗಿ ಕಾಸಲಿಲ್ಲಂದ್ರ ಡಬ್ ಅಂತೈತಿ, ಹೌದಿಲ್ಲೊ? ಇದು ಈಗ ಕಾಸಿ ತಂದಂಗ ಖಣ್ ಅನ್ನಾಕತ್ತೈತಿ. ಹಿಂದ ಯಾರೋ ನಿಂತು ಕಾಸಿ ಕಾಸಿ ಕೊಟ್ಟಾರ."

"ಯಾರೂ ಇಲ್ರಿ ಅಕ್ಕೋರ. ಅಬ್ಬಾ ಒಬ್ಬಾಂವನ."

"ಇರ್ಲಿ ಬಿಡು. ನಿನಗ ಎರಡು ಮಾತ್ರೆ ಖಾಲಿ ಬಿಡ್ತೇನಿ. ಅಷ್ಟರಾಗ ಹಲಗಿ ತಗೋ."

ಮಂಜೂರ ಬಾರಿಸಿದ. ಭರ್ರನೆ ಏರುತ್ತಿದ್ದ ಯುದ್ಧ ಆ ಎರಡು ಮಾತ್ರೆಯಲ್ಲಿ ಮುಗ್ಗರಿಸಿ ಬಿತ್ತು. ಇನ್ನೊಮ್ಮೆ ಬಾರಿಸಿದ, ಇನ್ನೊಮ್ಮೆ ಬಿತ್ತು. ಥತ್, ಇದನ್ನು ಕೇಳಿದರೆ ಮಾಲೀಕನ ಮಾತು ಹಾಗಿರಲಿ, ರಂಗದ ಮೇಲೆ ಸತ್ತು ಬಿದ್ದ ಸೈನಿಕನೂ ಎದ್ದು ನಗುತ್ತಿದ್ದ. ಮಂಜೂರನ ಮುಖ ನಾಚಿಕೆಯಿಂದ ಸಣ್ಣದಾಯಿತು.

ಚಹಾ ತಂದ ಅವನ ತಾಯಿ ಅಬಿದಾ ಕಪ್ಪು ಕೆಳಗಿಟ್ಟು ಅಲ್ಲೇ ನಿಂತಳು. "ಆ ಖಾಲಿ ಇರ್ಲಿ ಬಿಡ್ರಿ ಅಕ್ಕೋರ. ಕೆಟ್ಟರ ಕೆಡ್ಲಿ."

"ಯಾಕ್ರಿ ಚಾಚಿ?"

"ಈ ಮನ್ಯಾಗ ಯಾರು ಬಾರಿಸಿದ್ರೂ ಬೆನ್ನ ಹಿಂದ ಒಂದು ಕಂಬಳಿ ಹಾಸ್ತಾರ್ರಿ. ಅಲ್ಲಿ ಯಾರೂ ಕುಂಡ್ರಂಗಿಲ್ಲ. ಇವರು ಹಿಂದ ನೋಡದನ ಎಡಗೈ ಚಾಚ್ತಿದ್ರು, ಹಲಗಿ ಕೈಯಾಗ ಬರ್ತಿತ್ತು. ಯಾರು ಕೊಡ್ತಾರಂತ ನೋಡಬ್ಯಾಡ ಅಂದಿದ್ಲು ನಮ್ಮತ್ತಿ. ನಾ ನೋಡಿಲ್ಲ." ಅಬಿದಾ ಗಂಡನ ಕಡೆ ತಿರುಗಿದಳು. "ಕಡೀ ನಾಟಕದಾಗೂ ಹಂಗ ಕೈ ಚಾಚಿದ್ರು. ಆ ಕೈ ಮತ್ತ ಏಳಲಿಲ್ಲ. ಡಾಕ್ಟರು ಲಕ್ವಾ ಅಂದ್ರು. ನನಗ ಇಂವಾ ಒಬ್ಬನ ಮಗ ಅದಾನ್ರಿ, ಅಂಜಿಕಿ ಬರ್ತೈತಿ."

"ಅಮ್ಮಾ, ಪ್ಯಾಡ್ ಬಂತಂದ್ರ ನಾ ಎಲ್ಲಿ ಹೋಗ್ಲಿ? ನನಗ ಬ್ಯಾರೆ ಏನು ಬರ್ತೈತಿ?" ಮಂಜೂರ ಕಂಬಳಿ ತಂದು ತಾನೇ ಹಿಂದೆ ಹಾಸಿದ. ಹಲಗಿಯನ್ನು ಅದರ ಮೇಲಿಟ್ಟ. "ಖಾಲಿ ತಗೀರಿ ಅಕ್ಕೋರ. ಅಬ್ಬಾ ಬಾರಿಸಿದಂಗ ಇರ್ಲಿ."

ಮಂಚದಿಂದ ಗೊರಗೊರ ಸದ್ದು ಬಂತು. ಜೈನುದ್ದೀನ ಬೇಡ ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದ, ಕಣ್ಣಿಂದ ನೀರು ಇಳಿಯುತ್ತಿತ್ತು. ಸುವರ್ಣಾಗೂ ಒಳಗೊಳಗೇ ಒಂಥರಾ ಆಯಿತು. ಆದರೆ ಮಟಮಟ ಮಧ್ಯಾಹ್ನ ಇಂಥದ್ದಕ್ಕೆಲ್ಲ ಹೆದರಿದರೆ ನಾಲ್ಕು ಜನ ಏನಂದಾರು? ಒಂದು ಗುಂಡಿ ಒತ್ತಿ ಎರಡೂ ಮಾತ್ರೆಗಳನ್ನು ಅಳಿಸಿದಳು. ಲ್ಯಾಪ್‌ಟಾಪಿನ ಸದ್ದು ಶುರು ಮಾಡಿದಳು.

ಅದರ ಜೊತೆಗೇ ಮಂಜೂರನ ತಾಶಾ ಏರಿತು. ಸುವರ್ಣಾಳ ಕಣ್ಣು ತೆರೆಯ ಮೇಲೆ ಓಡುವ ಗೆರೆಯ ಹಿಂದೆಯೇ ಓಡುತ್ತಿತ್ತು. 'ಹಲಗಿ' ಎಂದು ಬರೆದಲ್ಲಿಗೆ ಗೆರೆ ಬಂತು. ಖಣ್! ಕೂದಲೆಳೆಯಷ್ಟೂ ತಡವಿಲ್ಲ. ಬೆಳಗಿನಿಂದ ಯಾರೂ ಬೆಂಕಿಗೆ ಹಿಡಿಯದ ಹಲಗಿ ಪಡಸಾಲೆಯ ಗೋಡೆಗಳನ್ನೆಲ್ಲ ನಡುಗಿಸಿತು. "ಶಾಬಾಸ್ ಮಗನ!" ಎಂದು ಕೂಗಿದಳು ಸುವರ್ಣಾ. ಮಂಜೂರ ನಗುತ್ತಿದ್ದ. ಎಷ್ಟು ದಿನವಾಗಿತ್ತೋ ಅವನು ಹಾಗೆ ನಕ್ಕು.

ಗೆರೆ ಮುಂದೆ ಓಡಿ ಮತ್ತೆ ತಾಶಾಕ್ಕೆ ಬಂತು. ಹಲಗಿ ಹಿಡಿದ ಎಡಗೈಯನ್ನು ಅವನು ಬೆನ್ನ ಹಿಂದಕ್ಕೆ ಒಯ್ದ. ತಾಶಾ ಕೇಳಿಸಿತು, ಆದರೆ ಲ್ಯಾಪ್‌ಟಾಪಿನಿಂದ ಮಾತ್ರ.

ಸುವರ್ಣಾ ತಲೆಯೆತ್ತಿದಳು. ಅಬಿದಾ ಓಡಿಬಂದು ಮಗನ ಸೊಂಟ ತಬ್ಬಿ ತನ್ನ ಕಡೆಗೆ ಎಳೆಯುತ್ತಿದ್ದಳು. ಹಲಗಿ ಆಗಲೇ ಕಂಬಳಿಯ ಮೇಲಿತ್ತು. ಮಂಜೂರನ ಕೈ ಮಾತ್ರ ಹಿಂದೆಯೇ ಚಾಚಿತ್ತು, ಐದೂ ಬೆರಳು ಬೆಳ್ಳಗೆ ಬಿಳಿಚಿಕೊಂಡಿದ್ದವು.

"ಅಮ್ಮಾ, ಹಲಗಿ ಇಸ್ಕೊಂಡ್ರು," ಎಂದ ಅವನು, ಸಣ್ಣ ದನಿಯಲ್ಲಿ. "ಕೈ ಬಿಡವಲ್ರು."