ಕಚ್ಚಾ ಹೊಲಿಗೆ

"ಹೊಲಿಗೆ ಗಟ್ಟಿ ಇದೆಯಾ ಅಂತ ಒಂಚೂರು ಎಳೆದು ನೋಡಿದೆ, ಅಷ್ಟೇ," ಎಂದ ದರ್ಜಿ.

ಅವನ ಬಲ ಹೆಬ್ಬೆರಳನ್ನು ಹಿಡಿದಿದ್ದ ಫಿಸಿಯೋಥೆರಪಿಸ್ಟ್ ಹಾಗೇ ನಿಂತುಬಿಟ್ಟಳು. ಮೇಜಿನಿಂದ ಜಾರಿದ ಕತ್ತರಿಯನ್ನು ಹಿಡಿಯಲು ಹೋಗಿ ಆ ಬೆರಳನ್ನು ಮಡಿಸುವ ಸ್ನಾಯುರಜ್ಜು ತುಂಡಾಗಿತ್ತು. ಡಾಕ್ಟರು ಸೇರಿಸಿ ಹೊಲಿದು ಇನ್ನೂ ಮೂರೇ ವಾರ. ಮತ್ತೆ ಹರಿದಿದ್ದರೆ ಅವನು ಕತ್ತರಿಯ ಆಸೆ ಬಿಡುವುದೇ ಸರಿ.

"ಒಂಚೂರಂತೆ!" ಎಂದಳು ಹೆಂಡತಿ. "ಪಟ್ಟಿ ಬಿಚ್ಚಿ, ಪ್ಯಾಂಟಿನ ಹೊಲಿಗೆ ನೋಡೋ ಹಾಗೆ ಜಗ್ಗಿದ್ರು ಮೇಡಂ. ಮೂವತ್ತು ವರ್ಷದ ಚಾಳಿ."

"ಬೇರೆಯವರ ಕೈಕೆಲಸ ನಂಬೋಕಾಗುತ್ತಾ? ಮೇಡಂ ಕೋಟನ್ನೇ ನೋಡು, ಗುಂಡಿ ನೇತಾಡ್ತಿದೆ."

"ಗುಂಡಿ ಸುದ್ದಿ ಆಮೇಲೆ. ಬೆರಳ ತುದಿ ಮಡಿಸಿ. ಮೆಲ್ಲಗೆ."

ಹೆಂಡತಿ ತನಗೇ ತಿಳಿಯದಂತೆ ತನ್ನ ಹೆಬ್ಬೆರಳನ್ನೂ ಮಡಿಸುತ್ತಿದ್ದಳು. ದರ್ಜಿಯ ಬೆರಳ ತುದಿ ಅಕ್ಕಿಕಾಳಿನಷ್ಟು ಬಾಗಿತು.

"ಸದ್ಯ, ಹರಿದಿಲ್ಲ. ಡಾಕ್ಟರು ಹಾಕಿರೋದು ಬರೀ ಕಚ್ಚಾ ಹೊಲಿಗೆ ರೀ. ಹೊಸ ಎಳೆ ನೇಯ್ದು ಗಟ್ಟಿ ಮಾಡೋದು ಒಳಗಿರೋ ಜೀವಕೋಶಗಳು."

ದರ್ಜಿಯ ಕಿವಿ ನೆಟ್ಟಗಾಯಿತು. "ಅವಕ್ಕೆ ಅಳತೆ ಕೊಡೋರು ಯಾರು?"

"ನೀವೇ. ನಾನು ಹೇಳಿದಷ್ಟು ಬೆರಳು ಆಡಿಸಿದರೆ ಆ ಸೆಳೆತ ಅವಕ್ಕೆ ಗೊತ್ತಾಗುತ್ತೆ. ಎಳೆಗಳನ್ನ ಅದೇ ದಿಕ್ಕಿಗೆ ಸಾಲಾಗಿ ಹಾಕ್ತವೆ. ಆಡಿಸದೇ ಬಿಟ್ಟರೆ ಎಲ್ಲಾ ಗೋಜಲಾಗಿ ಅಕ್ಕಪಕ್ಕಕ್ಕೆ ಅಂಟಿಕೊಳ್ಳುತ್ತೆ. ಜಗ್ಗಿದರೆ ಕಿತ್ತೇ ಹೋಗುತ್ತೆ."

"ಅಂದ್ರೆ ನನ್ನ ಬೆರಳೊಳಗೂ ದರ್ಜಿಗಳು ಕೂತಿದ್ದಾರೆ!"

"ನಿಮಗಿಂತ ವಾಸಿ. ಬಾಯಿ ಮುಚ್ಕೊಂಡು ಕೆಲಸ ಮಾಡ್ತಾರೆ," ಎಂದ ಹೆಂಡತಿ, ಅವನ ಕೈಯನ್ನು ಮಡಿಲಿಗೆ ಎಳೆದುಕೊಂಡು ಪಟ್ಟಿ ಕಟ್ಟತೊಡಗಿದಳು.

ಮೂರು ತಿಂಗಳ ಮೇಲೆ ದರ್ಜಿ ಸೂಜಿ, ದಾರ ಹಿಡಿದೇ ಬಂದ. "ಕೋಟು ಬಿಚ್ಚಿ ಮೇಡಂ." ಇಷ್ಟು ದಿನ ಅವಳು ಪಿನ್ನು ಚುಚ್ಚಿಕೊಂಡು ಓಡಾಡಿದ್ದಳೇ ಹೊರತು ಆ ಗುಂಡಿಯನ್ನು ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ. ಒಂದು ಗುಂಡಿಗೆ ಕಾಲು ಗಂಟೆ ಹಿಡಿಯಿತು. ಹೆಬ್ಬೆರಳು ನಡುಗಿತು, ಸೂಜಿ ಮಾತ್ರ ಬೀಳಲಿಲ್ಲ.

ಕೋಟು ತೊಟ್ಟ ಅವಳು ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು, "ಗಟ್ಟಿ ಇದೆಯಾ ನೋಡಲಾ?" ಎಂದಳು.

"ಅಯ್ಯೋ, ಬಿಡಿ ಮೇಡಂ!" ದರ್ಜಿ ಕುರ್ಚಿಯಿಂದ ಎದ್ದೇಬಿಟ್ಟ. "ಇನ್ನು ಮೂರು ವಾರ ಮುಟ್ಟಬೇಡಿ!"