ಗಿರಿಜಕ್ಕನ ಬಾವಿಯ ಮೀನುಗಳು

ಸೊಳ್ಳೆಮರಿ ತಿನ್ನಲೆಂದು ಗಿರಿಜಕ್ಕನ ಬಾವಿಗೆ ಗಪ್ಪಿ ಮೀನು ಬಿಟ್ಟಿದ್ದ ಮಲೇರಿಯಾ ಸಂಶೋಧಕಿ ನಳಿನಾಕ್ಷಿ, ತಿಂಗಳ ಮೇಲೆ ಬಂದು ಬಗ್ಗಿ ನೋಡಿದಳು. ನೀರಿನಲ್ಲಿ ಒಂದೇ ಒಂದು ಮರಿಯಿಲ್ಲ, ಮೀನುಗಳು ದುಂಡುದುಂಡಗಾಗಿದ್ದವು. ಆದರೂ ಮನೆಯೊಳಗೆ ಸೊಳ್ಳೆಗಳು ಮೊದಲಿಗಿಂತ ಜೋರಾಗಿ ಗುಂಯ್‌ಗುಡುತ್ತಿದ್ದವು. ತನ್ನ ಸಂಶೋಧನೆಯೆಲ್ಲ ನೀರುಪಾಲಾಯಿತೇ ಎಂದು ಅವಳಿಗೆ ದಿಗಿಲಾಯಿತು.

“ಅಕ್ಕಾ, ಮೀನು ಸರಿಯಾಗಿ ತಿಂತವಲ್ಲ?”

“ತಿನ್ನದೆ ಉಂಟಾ ಮಾರಾಯ್ರೆ! ನಾಲ್ಕೇ ದಿನದಲ್ಲಿ ಎಲ್ಲ ಖಾಲಿ. ಆಮೇಲೆ ಉಪವಾಸ, ಪಾಪ. ಸೊರಗಿದ್ದು ನೋಡ್ಲಿಕ್ಕಾಗ್ಲಿಲ್ಲ.”

“ಮತ್ತೆ ಈಗ ಇಷ್ಟು ದಪ್ಪ ಹೇಗಾದವು?”

ಗಿರಿಜಕ್ಕ ಹೆಮ್ಮೆಯಿಂದ ಅವಳನ್ನು ಹಿತ್ತಲಿಗೆ ಕರೆದೊಯ್ದು, ಸಾಲಾಗಿ ನೀರು ತುಂಬಿಸಿಟ್ಟಿದ್ದ ಬಕೆಟ್‌ಗಳನ್ನು ತೋರಿಸಿದರು.

“ನೋಡಿ, ಅವಕ್ಕೇಂತ ಇಲ್ಲಿ ಸೊಳ್ಳೆಮರಿ ಸಾಕ್ತಾ ಇದ್ದೇನೆ.”