ಮುದ್ದೆಗೆ ಇಳಿದ ವಿಮಾನ

ಪೆಟ್ರೋಲ್ ಬಂಕಿನಲ್ಲಿ ನಿಂತಾಗಲೆಲ್ಲ ನನಗೆ ಈಗಲೂ ಹುರುಳಿ ಸಾರಿನ ಹಸಿವಾಗುತ್ತದೆ.

ಹಿರಿಯೂರಿನಾಚೆ ನಮ್ಮ ಹಟ್ಟಿಯ ಪಕ್ಕ, ಬಿಳಿಯರು ಯುದ್ಧದ ವಿಮಾನಗಳಿಗೆಂದು ಸಮ ಮಾಡಿ ಬಿಟ್ಟುಹೋದ ಬಯಲಿತ್ತು. ಒಂದು ಮಧ್ಯಾಹ್ನ ಅಲ್ಲಿ ಪುಟ್ಟ ವಿಮಾನವೊಂದು ಇಳಿಯಿತು. ಇಳಿದು ಬಂದವರು ಅದನ್ನು ಹಾರಿಸುತ್ತಿದ್ದವರು ಒಬ್ಬರೇ. ಅಂಗಿಯೆಲ್ಲ ಪೆಟ್ರೋಲ್ ವಾಸನೆ.

"ಬೆಂಗಳೂರಿನಿಂದ ಮುದ್ದೆ ಉಣ್ಣೋಕೇ ಬಂದೆ ಕಣಮ್ಮ. ಸಿಗುತ್ತಾ?"

"ಮುದ್ದೆಗೇನು ಬರ? ಬರ್ರಿ, ಕುಂತ್ಕಳ್ರಿ," ಎಂದು ಅಜ್ಜಿ ಅಪ್ಪನ ಹಳೇ ಕಂಬಳಿ ಹಾಸಿದಳು. ನನಗೆ ಸಿಟ್ಟು ಬಂತು. ಕುರಿ ಹೊಡೆದುಕೊಂಡು ಸೀಮೆ ದಾಟಿದ್ದ ಅಪ್ಪ ಯುಗಾದಿಗೆ ಬರಬೇಕಿತ್ತು, ಬಂದಿರಲಿಲ್ಲ. ಅವನು ಹೋದಾಗಿನಿಂದ ಆ ಕಂಬಳಿಯ ಮೇಲೆ ನಾನೂ ಕೂತಿರಲಿಲ್ಲ.

ಅವರು ಎರಡನೇ ಮುದ್ದೆ ಮುರಿಯುವಾಗ ಅಜ್ಜಿ ಕೇಳಿದಳು: "ಸ್ವಾಮಿ, ಮ್ಯಾಲಿಂದ ಎಲ್ಲಾ ಕಾಣ್ತೈತಲ್ಲ. ನನ್ನ ಮಗನ ಕುರಿಮಂದೆ ಎಲ್ಲಾದ್ರೂ ಕಣ್ಣಿಗೆ ಬಿತ್ತಾ? ಎಲ್ಲಾ ಕರೇ ಕುರಿ, ಮುಂದ್ಗಡೆ ಒಂದೇ ಬಿಳೀ ಟಗರು."

ಅವರು ನಗಲಿಲ್ಲ. ತುತ್ತು ಹುರುಳಿ ಸಾರಿನಲ್ಲೇ ನಿಂತಿತು.

"ನೋಡ್ತೀನಮ್ಮ. ಕಂಡರೆ ನಿಮ್ಮ ಹಟ್ಟಿ ಮೇಲೆ ಒಂದು ಸುತ್ತು ಹಾಕ್ತೀನಿ."

ವಿಮಾನ ಜಾಲಿಮರಗಳನ್ನು ದಾಟಿ ಗುಡ್ಡದ ಕಡೆ ಸಣ್ಣದಾಯಿತು. ಸ್ವಲ್ಪ ಹೊತ್ತಿಗೆ ತಿರುಗಿ ಬಂದು, ನಮ್ಮ ತಲೆಯ ಮೇಲೆ ನಿಧಾನವಾಗಿ ಒಂದು ಸುತ್ತು ಹಾಕಿ ಹೋಯಿತು.

ಅಜ್ಜಿ ಕಂಬಳಿ ಕೊಡವಿ ಮತ್ತೆ ಹಾಸಿದಳು. ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು. ನಾನು ಬಾಗಿಲಲ್ಲಿ ಕೂತು ಬಿಳೀ ಟಗರಿನ ಕೊರಳಗಂಟೆ ಕೇಳೀತೇ ಎಂದು ಕಿವಿಗೊಟ್ಟೆ. ಎಸರು ಬತ್ತಿದಾಗಲೆಲ್ಲ ಅಜ್ಜಿ ಇನ್ನೊಂದು ಚೆಂಬು ನೀರು ಹೊಯ್ಯುತ್ತಿದ್ದಳು.